ಅಂಗೈಯಗಲದ ತಗಡು

'ಇನ್ನೂ ಅದೇ ಕಾರೇ?' ಎಂದು ನಮ್ಮ ಬಳಗದ ಮಾಸಿಕ ಸಭೆಯ ಬಾಗಿಲಲ್ಲಿ ಯಾರಾದರೊಬ್ಬರು ಕೇಳದೆ ಬಿಡುವುದಿಲ್ಲ. ಕೇಳುವ ದನಿಯಲ್ಲಿ ಕುಚೋದ್ಯಕ್ಕಿಂತ ಕನಿಕರವೇ ಹೆಚ್ಚು. ಕಳೆದ ಮಳೆಗಾಲಕ್ಕೆ ಮುನ್ನ ಆ ಕಾರಿನ ಕ್ಲಚ್ ಪೆಡಲ್ ಬುಡಸಮೇತ ಕಿತ್ತುಬಂದ ಸುದ್ದಿ ಹರಡಿದಾಗಲಂತೂ ಕನಿಕರವು ಸಲಹೆಯ ರೂಪ ತಾಳಿತು: ಗುಜರಿಗೆ ಹಾಕಿ, ಹೊಸದನ್ನು ಕೊಳ್ಳಿ. ಕೇಂದ್ರ ಸರ್ಕಾರದ ಸಂಬಳ ಬರುವ ಮನೆಯವರು ಇಷ್ಟು ಜಿಪುಣರಾಗಬಾರದೆಂಬ ಮಾತೂ ಕಿವಿಗೆ ಬಿತ್ತು. ನಾವು ಗುಜರಿಗೆ ಹಾಕಲಿಲ್ಲ. ಏಕೆ ಹಾಕಲಿಲ್ಲವೆಂಬುದನ್ನು ಚಹಾದ ವಿರಾಮದಲ್ಲಿ ಹೇಳಿ ಮುಗಿಸಲಾಗದು. ಆದ್ದರಿಂದ ಈ ಬರಹ. ಜಿಪುಣರೆಂಬ ಆರೋಪವನ್ನು ಒಪ್ಪಿಕೊಂಡೇ ಬಿಡುತ್ತೇವೆ. ನಮ್ಮ ತಕರಾರಿರುವುದು ಆ ಸಲಹೆಯ ಹಿಂದಿನ ನಂಬಿಕೆಯೊಡನೆ.

ಮುರಿದದ್ದೇನೆಂಬುದನ್ನು ಮೊದಲು ಹೇಳಬೇಕು. ಕಾರು 2004ರದು, ಸಣ್ಣದು, ಪೆಟ್ರೋಲಿನದು. ಪುಣೆಯಿಂದ ಧಾರವಾಡಕ್ಕೆ ವರ್ಷಕ್ಕೆ ಎರಡು ಸಲ, ಉಳಿದಂತೆ ಊರೊಳಗಿನ ಓಡಾಟ. ಎರಡು ತಿಂಗಳಿಂದ ಕ್ಲಚ್ ತುಳಿದಾಗ 'ಕಿರ್' ಎಂಬ ಸದ್ದು ಬರುತ್ತಿತ್ತು. ರಿವರ್ಸ್ ಗೇರು ಹಲ್ಲು ಕಡಿದು ಕೂರುತ್ತಿತ್ತು. ಕ್ಲಚ್ ಪ್ಲೇಟು ಸವೆದಿರಬೇಕೆಂದು ನಾವೇ ತೀರ್ಮಾನಿಸಿ ಸುಮ್ಮನಿದ್ದೆವು. ಒಂದು ಸಂಜೆ ಕಾತ್ರಜ್ ಚೌಕದ ದಟ್ಟಣೆಯಲ್ಲಿ ಪೆಡಲ್ ಪಕ್ಕಕ್ಕೆ ವಾಲಿ ಕಾಲಡಿಯಲ್ಲಿ ಮಲಗಿಬಿಟ್ಟಿತು. ಗಾಡಿ ಗೇರಿನಲ್ಲೇ ಇತ್ತು.

ಪ್ಲೇಟಿಗೆ ಏನೂ ಆಗಿರಲಿಲ್ಲ. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆಯಿದೆ. ಪೆಡಲುಗಳನ್ನು ತೂಗುಹಾಕುವ ಆಧಾರವನ್ನು ಆ ಗೋಡೆಗೆ ಚುಕ್ಕಿಬೆಸುಗೆಗಳಿಂದ ಅಂಟಿಸಿರುತ್ತಾರೆ. ಗೋಡೆಯ ಮೊಳೆಯಿಂದ ಕ್ಯಾಲೆಂಡರ್ ಹರಿದುಬರುವಂತೆ ತಗಡು ಆ ಬೆಸುಗೆಗಳ ಸುತ್ತ ಹರಿದಿತ್ತು. ಹರಿದ ಭಾಗ ಒಟ್ಟಿನಲ್ಲಿ ಅಂಗೈಯಗಲ.

ಕಾರನ್ನು ಎಳೆಸಿಕೊಂಡು ಹೋದ ಅಧಿಕೃತ ಸೇವಾಕೇಂದ್ರದಲ್ಲಿ ಏರ್‌ಕಂಡೀಷನಿನ ತಂಪಿನಲ್ಲಿ ಕೂರಿಸಿ ಹೇಳಿದರು: ಈ ಬಿಡಿಭಾಗ ಈಗ ಬರುವುದಿಲ್ಲ, ಬೆಸುಗೆಯ ಕೆಲಸ ನಾವು ಮಾಡುವುದಿಲ್ಲ, ಹೊಸ ಗಾಡಿಗೆ ವಿನಿಮಯದ ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಇದೆ. ಮೂರು ವಾಕ್ಯಗಳು, ಮೂರನೆಯದಕ್ಕೆ ನಗೆ. ಹೀಗೆ ಅಂಗೈಯಗಲದ ತಗಡು ಎಂಟು ಲಕ್ಷದ ಪ್ರಶ್ನೆಯಾಗುತ್ತದೆ. ನಮ್ಮ ಸಹೃದಯರೂ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಾರಲ್ಲ, ನಮ್ಮನ್ನು ಕೆರಳಿಸುವುದು ಇದು.

'ವಯಸ್ಸಾಯಿತಲ್ಲ' ಎನ್ನುತ್ತಾರೆ. ವಯಸ್ಸಿನಿಂದ ಮುರಿಯಿತೇ? ಒಳಹೊಕ್ಕು ನೋಡಿದರೆ ಕಾರಣ ಬೇರೆ. ಕ್ಲಚ್ ಕೇಬಲ್ ಒಣಗಿತ್ತು. ಅದರ ಹೊದಿಕೆಯೊಳಗೆ ತುಕ್ಕು ಕಚ್ಚಿತ್ತು. ಪೆಡಲ್ ಎಂಬುದು ಒಂದು ಸನ್ನೆಕೋಲು. ಕಾಲಿನ 10 ಕೆಜಿ ಒತ್ತಡ ಅದರ ಮೇಲ್ತುದಿಯಲ್ಲಿ 40-50 ಕೆಜಿ ಎಳೆತವಾಗುತ್ತದೆ. ಕೇಬಲ್ ಬಿಗಿಯಾದಷ್ಟೂ ಕಾಲು ಹೆಚ್ಚು ತುಳಿಯುತ್ತದೆ, ಅಷ್ಟೂ ಭಾರವನ್ನು ಆ ತೆಳುತಗಡು ಹೊರುತ್ತದೆ. ಊರಿನ ದಟ್ಟಣೆಯಲ್ಲಿ ದಿನಕ್ಕೆ ನೂರಾರು ಸಲ ಬಾಗಿ ನೇರವಾದ ತಗಡು ಒಂದು ದಿನ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕು ಬೆಳೆಯುತ್ತ ಹೋಗುತ್ತದೆ. ಕೆಲವೇ ನೂರು ರೂಪಾಯಿಯ ಕೇಬಲನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ನಾವು ಆ ಕಾರನ್ನು ತೊಳೆದಿದ್ದೇವೆ, ಕುಂಕುಮ ಹಚ್ಚಿದ್ದೇವೆ, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೇವೆ. ಡ್ಯಾಶ್‌ಬೋರ್ಡಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಸರ್ಕಾರದ ಲೆಕ್ಕದಲ್ಲೂ ವಯಸ್ಸೇ ಮುಂದೆ ಬರುತ್ತದೆ. ಸರ್ಕಾರದ ಅನ್ನ ತಿನ್ನುವವರೇ ಇದನ್ನು ಹೇಳುತ್ತಿದ್ದೇವೆಂಬ ಅರಿವು ನಮಗಿದೆ. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಗುಜರಿ ನೀತಿ ಖಾಸಗಿ ವಾಹನಗಳ ವಿಷಯದಲ್ಲಿ ಕ್ಷಮತೆಯ ಪರೀಕ್ಷೆಯ ಮಾತನ್ನೇ ಆಡುತ್ತದೆ. ಅದು ಸರಿಯಾದ ಮಾತು. ಆದರೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ಎಷ್ಟು ಓಡಿವೆ, ಹೇಗಿವೆ ಎಂದು ನಿಯಮ ಕೇಳುವುದಿಲ್ಲ. (ನಮಗಾದರೋ ಅರವತ್ತರ ತನಕ ವಾಯಿದೆ ಕೊಟ್ಟಿದ್ದಾರೆ.) ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 2019ರಲ್ಲಿ 600 ರೂಪಾಯಿ ಶುಲ್ಕವಿತ್ತು, 2022ರ ಏಪ್ರಿಲಿನಿಂದ ಅದು 5,000 ಆಯಿತು. ಪರಿಸರ ತೆರಿಗೆ ಬೇರೆ. ಹಳೆಯ ಗಾಡಿ ಹೆಚ್ಚು ಹೊಗೆಯುಗುಳುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಹೊಗೆ ತಪಾಸಣೆಯಲ್ಲಿ ಸೋತ ದಿನ ನಮ್ಮ ಕಾರು ರಸ್ತೆಯಿಂದ ಇಳಿಯಲಿ, ತಕರಾರಿಲ್ಲ. ಆದರೆ ಹೊಸ ಕಾರಿನ ಉಕ್ಕು ಮರದಲ್ಲಿ ಕಾಯುವುದಿಲ್ಲ. ಅದನ್ನು ಕರಗಿಸುವ ಕಲ್ಲಿದ್ದಲಿನ ಹೊಗೆ ಪುಣೆಯ ಮೇಲಲ್ಲದೆ ಇನ್ನೊಂದೂರಿನ ಮೇಲೆ ಏಳುತ್ತದೆ, ಅಷ್ಟೆ.

2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಜಾಲತಾಣವೊಂದನ್ನು ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ತಗಡು ಸಿಗದಿದ್ದರೆ, ಬೆಸೆಯುವ ಕೈ ಸಿಗದಿದ್ದರೆ ಹಕ್ಕನ್ನು ಎಲ್ಲಿ ತೂಗುಹಾಕುವುದು?

ಇಷ್ಟು ಹೇಳಿದ ಮೇಲೆ ನಮ್ಮ ಪಕ್ಷದವರಿಗೂ ಎರಡು ಕಟುಮಾತು ಸಲ್ಲಬೇಕು. ಹಳೆಯದನ್ನು ಉಳಿಸುವವರೆಲ್ಲ ಜಾಣರಲ್ಲ. ಮನೆಯ ಹತ್ತಿರದ ಗ್ಯಾರೇಜಿನಲ್ಲಿ ನಾವು ಮೊದಲು ಮಾಡಿಸಿದ್ದು ಇಪ್ಪತ್ತು ನಿಮಿಷದ ರಿಪೇರಿ: ಬಣ್ಣವನ್ನೂ ಕೆರೆಯದೆ ಬಿರುಕಿನ ಮೇಲೊಂದು ಬೆಸುಗೆಯ ಗೆರೆ, ಮುನ್ನೂರು ರೂಪಾಯಿ, 'ಟೆನ್ಷನ್ ತಗೋಬೇಡಿ' ಎಂಬ ಅಭಯ. ಒಂಬತ್ತನೆಯ ದಿನ ಗೆರೆಯ ಪಕ್ಕದಲ್ಲೇ ಮತ್ತೆ ಹರಿಯಿತು. ನಮ್ಮ ಕಾರಿನಲ್ಲಿ ಬ್ರೇಕ್ ಪೆಡಲೂ ಅದೇ ಆಧಾರಕ್ಕೆ ತೂಗುತ್ತದೆ ಎಂಬುದು ಆಗಲೇ ನಮಗೆ ತಿಳಿದದ್ದು. ಆ ಒಂಬತ್ತು ದಿನ ಮಗಳನ್ನು ಅದೇ ಕಾರಿನಲ್ಲಿ ಕಾಲೇಜಿಗೆ ಬಿಟ್ಟು ಬಂದಿದ್ದೆವು. 'ಜುಗಾಡ್' ಎಂಬ ಪದವನ್ನು ಭಾರತೀಯ ಪ್ರತಿಭೆಯ ಕುರುಹೆಂದು ಕೊಂಡಾಡುವವರ ಮುಂದೆ ಆ ಒಂಬತ್ತು ದಿನಗಳನ್ನು ಇಡಬೇಕೆನಿಸುತ್ತದೆ. ಅಂಥ ದುರಸ್ತಿಯೊಂದು ನಡೆದಾಗಲೆಲ್ಲ ವಿನಿಮಯದ ರಿಯಾಯಿತಿ ಹೇಳುವವನ ವಾದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ.

ಕೊನೆಗೆ ಸಿಕ್ಕವರು ನಾನಾ ಪೇಟೆಯ ಬಿಡಿಭಾಗದ ಅಂಗಡಿಯವರು ತೋರಿಸಿಕೊಟ್ಟ ಬೆಸುಗೆಯವರು. ವಿಜಯಪುರ ಜಿಲ್ಲೆಯವರು, ಹತ್ತನೆಯ ಇಯತ್ತೆ ಮುಗಿಸಿದವರಲ್ಲ. ನಮ್ಮ ಹಿಂದಿಯನ್ನು ಅರ್ಧಕ್ಕೇ ತಡೆದು, 'ಕನ್ನಡದಾಗ ಹೇಳ್ರಿ ಸಾಹೇಬ್ರ' ಎಂದರು. ಹಳೆಯ ಬೆಸುಗೆಯನ್ನು ಟಾರ್ಚ್ ಹಿಡಿದು ನೋಡಿ, 'ಬರೇ ಸೀಳಿನ ಮ್ಯಾಲ ಗೆರಿ ಎಳದಾರ. ಪತ್ರಾ ತೆಳ್ಳಗದ, ವಜ್ಜಿ ಬಾಜೂಕ್ ಹೋಗಿ ಅಲ್ಲಿ ಸೀಳೇದ' ಎಂದರು. ಎಂಜಿನಿಯರಿಂಗ್ ಪುಸ್ತಕ ಒಂದು ಅಧ್ಯಾಯ ತೆಗೆದುಕೊಳ್ಳುವ ವಿಷಯ.

ಅವರು ಇಡೀ ದಿನ ತೆಗೆದುಕೊಂಡರು. ಬ್ಯಾಟರಿಯ ತಂತಿ ಕಳಚಿದರು. ಸೀಟನ್ನು ಹೊರತೆಗೆದು, ನೆಲಹಾಸು ಎತ್ತಿ, ವೈರುಗಳ ಕಟ್ಟನ್ನು ಪಕ್ಕಕ್ಕೆ ಕಟ್ಟಿ ಹಸಿ ಗೋಣಿ ಸುತ್ತಿದರು. ಹಳೆಯ ಬೆಸುಗೆಯನ್ನು ಉಜ್ಜಿ ತೆಗೆದು, ತಗಡು ಬೆಳ್ಳಗಾಗುವ ತನಕ ಬಣ್ಣ ಕೆರೆದರು. ಬಿರುಕಿನ ಎರಡೂ ತುದಿಗಳಲ್ಲಿ ಚಿಕ್ಕ ತೂತು ಕೊರೆದರು. ಬಿರುಕಿನ ಚೂಪು ತುದಿ ದುಂಡಾದರೆ ಅದು ಮುಂದೆ ಓಡುವುದಿಲ್ಲವಂತೆ. ಬಳಿಕ ಹರಿದ ಜಾಗಕ್ಕಿಂತ ಎರಡರಷ್ಟು ದೊಡ್ಡದಾದ ದಪ್ಪ ತಗಡನ್ನು ಕತ್ತರಿಸಿ, ಮೂಲೆಗಳನ್ನು ಅರದಿಂದ ದುಂಡಗೆ ಮಾಡಿ, ಗೋಡೆಯ ಒಳಗೊಂದು ಹೊರಗೊಂದು ಇಟ್ಟು ಬೆಸೆದರು. ಮೂಲೆಯ ದುಂಡುತನವೇಕೆಂದು ಕೇಳಿದೆವು. 'ಚೂಪ್ ಮೂಲಿ ಇಟ್ರ ನಾಳಿ ಅಲ್ಲಿಂದ್ಲೇ ಸೀಳ್ತದರಿ.' ಬೆಸುಗೆ ಆರಿದ ಮೇಲೆ ತುಕ್ಕು ತಡೆಯುವ ಬಣ್ಣ, ಸಂದುಗಳಿಗೆ ಸೀಲಂಟು, ಹೊಸ ಕೇಬಲು. ಎಂಜಿನ್ ನಿಲ್ಲಿಸಿಯೇ ಸೀಟಿನಲ್ಲಿ ಕೂತು ಎರಡೂ ಕಾಲಿನಿಂದ ಬ್ರೇಕನ್ನು ಹತ್ತಾರು ಸಲ ಒದ್ದರು, ನಮ್ಮಿಂದಲೂ ಒದೆಸಿದರು, ಕೆಳಗೆ ಮಲಗಿ ತಗಡು ಕದಲುತ್ತದೆಯೇ ಎಂದು ಬೆರಳಿಟ್ಟು ನೋಡಿದರು. 2,600 ರೂಪಾಯಿ, ಕೇಬಲ್ ಸೇರಿ.

ಇದನ್ನೋದಿ ಯಾರೂ ಮನೆಯ ಅಂಗಳದಲ್ಲಿ ಬೆಸುಗೆಗೆ ಕೂರಬಾರದೆಂದು ಬೇರೆ ಹೇಳಬೇಕಿಲ್ಲ. ನಾವು ಮಾಡಿದ್ದು ಗೋಣಿ ತೋಯಿಸಿಕೊಟ್ಟದ್ದು ಮಾತ್ರ. ಎಂ.ಎ. ಓದುವಾಗ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಕಾದಂಬರಿಗಳ ಮೇಲೆ ಪುಟಗಟ್ಟಲೆ ಉತ್ತರ ಬರೆದು ಅಂಕ ಗಳಿಸಿದ್ದೆವು; ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಕರಗುತ್ತದೆಂಬುದನ್ನು ಕಂಡದ್ದು ಈಗ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿದಾಗ ನಮ್ಮ ಬಳಗದಲ್ಲಿ ಎಷ್ಟು ಭಾವಗೀತೆಗಳು ಹುಟ್ಟಿದವು! ಟ್ಯಾಕ್ಸಿಗೆ 20 ವರ್ಷದ ಮಿತಿ, ಕೊನೆಯದು ನೋಂದಣಿಯಾದದ್ದು 2003ರಲ್ಲಿ, ಲೆಕ್ಕ ಮುಗಿಯಿತು. ನಾವೂ ಒಂದು ಪದ್ಯ ಬರೆದೆವೆಂದು ನಾಚಿಕೆಯಿಂದ ಒಪ್ಪುತ್ತೇವೆ. ಆ ಗಾಡಿಗಳನ್ನು ಇಪ್ಪತ್ತು ವರ್ಷ ಓಡಿಸಿಟ್ಟ ಬೆಸುಗೆಯವರ, ಬುಷ್ ಬದಲಿಸುವವರ ಮಾತು ಯಾವ ಪದ್ಯದಲ್ಲೂ ಬರಲಿಲ್ಲ. ಕಾಯಕವನ್ನು ಕುರಿತು ವರ್ಷಕ್ಕೊಂದು ವಿಚಾರಸಂಕಿರಣ ನಡೆಸುತ್ತೇವೆ. ವೇದಿಕೆಗೆ ಇದುವರೆಗೆ ಕೈಗೆ ಮಸಿ ಮೆತ್ತಿದ ಒಬ್ಬರನ್ನೂ ಕರೆದಿಲ್ಲ. ಈ ಬಾರಿಯ ಸಂಕಿರಣಕ್ಕೆ ಆ ಬೆಸುಗೆಯವರ ಹೆಸರನ್ನು ನಾವು ಸಮಿತಿಗೆ ಕೊಟ್ಟಿದ್ದೇವೆ. 'ಅವರು ಏನು ಮಾತಾಡಿಯಾರು?' ಎಂದು ಒಬ್ಬರು ಕೇಳಿದ್ದಾರೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.