ಅರ್ಧಕ್ಕೆ ನಿಂತದ್ದನ್ನು ಅಲ್ಲಿಂದಲೇ ಶುರು ಮಾಡುವ ವಿದ್ಯೆ

ಇದನ್ನು ಬರೆಯುತ್ತಿರುವ ನಾವು ಮೂವರು: ಒಬ್ಬ ಬಂಟ್ವಾಳದವನು, ಒಬ್ಬಳು ಬೆಳ್ತಂಗಡಿಯವಳು, ಒಬ್ಬ ಮೂಡುಬಿದಿರೆಯವನು. ಈ ಮಳೆಗಾಲದಲ್ಲಿ ಬೆಳ್ತಂಗಡಿಯವಳು ಘಟ್ಟದ ಬುಡದ ಮನೆಯಿಂದ ಸ್ಕಾಲರ್‌ಶಿಪ್ ಅರ್ಜಿಗೆ 5 ಎಂಬಿಯ ಪಿಡಿಎಫ್ ಅಪ್‌ಲೋಡ್ ಮಾಡಲು ಕೂತಳು. ಮುಕ್ಕಾಲು ಭಾಗ ಹೋಗಿತ್ತು, ಕರೆಂಟ್ ಹೋಯಿತು. ಅದರ ಹಿಂದೆಯೇ ಟವರೂ ಹೋಯಿತು. ಸಿಗ್ನಲ್ ಬಂದ ಮೇಲೆ ಸೈಟ್ ಪುನಃ ಸೊನ್ನೆಯಿಂದ ಶುರು. ನಾಲ್ಕು ಸಲ ಇದೇ ಕತೆ. ಕೊನೆಗೆ ಮರುದಿನ ಬೆಳಗ್ಗಿನ ಬಸ್ಸು ಹಿಡಿದು, ವೇಣೂರು ದಾಟಿ ಮೂಡುಬಿದಿರೆಗೆ ಬಂದು, ಗೆಳತಿಯ ವೈಫೈಯಲ್ಲಿ ಕಳಿಸಿದಳು. ಅದೇ ಕೊನೆಯ ದಿನ.

"ನಮ್ಮ ಕಡೆ ನೆಟ್‌ವರ್ಕೇ ಹೀಗೆ ಮಾರಾಯ್ರೆ" ಅಂತ ಎಲ್ಲರೂ ಸಮಾಧಾನ ಹೇಳಿದರು. ಆದರೆ ತಪ್ಪು ಬರೇ ನೆಟ್‌ವರ್ಕಿನದ್ದಾ? ಅಲ್ಲ ಎನ್ನುವುದು ನಮ್ಮ ವಾದ. ಲೈನ್ ಕಡಿಯುತ್ತದೆ ಎಂದು ಗೊತ್ತಿದ್ದೂ ಕಡಿಯುವುದೇ ಇಲ್ಲ ಎಂಬಂತೆ ಪ್ರೋಗ್ರಾಂ ಬರೆದವರ ತಪ್ಪೂ ಉಂಟು. ಇದಕ್ಕೆ ಉತ್ತರ ಸಿಕ್ಕಿದ್ದು ನಾವು ಹುಟ್ಟುವ ಮೊದಲೇ, ಡಯಲ್-ಅಪ್ ಮೋಡೆಮ್ ಕಾಲದಲ್ಲಿ.

1977ರಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್‌ಸನ್ ಎಕ್ಸ್‌ಮೋಡೆಮ್ ಬರೆದರು. ಲೆಕ್ಕ ಸರಳ. ಫೈಲನ್ನು 128 ಬೈಟ್‌ಗಳ ತುಂಡು ಮಾಡು, ಪ್ರತಿ ತುಂಡಿಗೂ ನಂಬರ್ ಹಾಕು, ಕೊನೆಗೆ ಒಂದು ಬೈಟಿನ ಚೆಕ್‌ಸಮ್ ಸೇರಿಸು. ಆ ಕಡೆಯವನು ಕೂಡಿಸಿ ನೋಡಿ "ಸಿಕ್ಕಿತು" ಎಂದರೆ ಮುಂದಿನದು. "ಸರಿ ಇಲ್ಲ" ಎಂದರೆ ಅದೇ ತುಂಡು ಪುನಃ. ನಾವು ಪರೀಕ್ಷೆಯಲ್ಲಿ ಬರೆಯುವ 'ಸ್ಟಾಪ್ ಆಂಡ್ ವೇಟ್' ಎಂದರೆ ಇದುವೇ. ಕೊರತೆಯೂ ಇತ್ತು. 12 ಎಂಬುದು 21 ಆಗಿ ಬಂದರೂ ಮೊತ್ತ ಒಂದೇ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ಆಮೇಲೆ ಸಿಆರ್‌ಸಿ ಬಂದದ್ದು ಇಂಥ ತಪ್ಪು ಹಿಡಿಯಲಿಕ್ಕೆ. ಪ್ರತಿ ತುಂಡಿಗೂ ಉತ್ತರ ಕಾಯುತ್ತಾ ಕೂತರೆ ಹೊತ್ತು ಹಾಳು. ಅದಕ್ಕೆ ವೈಮೋಡೆಮ್ 1024 ಬೈಟ್‌ಗಳ ತುಂಡು ತಂದಿತು.

1986ರಲ್ಲಿ ಚಕ್ ಫೋರ್ಸ್‌ಬರ್ಗ್ ಮಾಡಿದ ಝಡ್‌ಮೋಡೆಮ್ ಕಾಯುವುದನ್ನೇ ಬಿಟ್ಟಿತು. ಡೇಟಾ ಹರಿಯುತ್ತಲೇ ಇರುತ್ತದೆ. ತಪ್ಪಾದರೆ ಮಾತ್ರ ಆ ಕಡೆಯಿಂದ "ಇಷ್ಟನೇ ಬೈಟಿನಿಂದ ಕೊಡು" ಎಂಬ ಸುದ್ದಿ. ಫೋನ್ ಪೂರಾ ಕಡಿದರೂ, ಪುನಃ ಡಯಲ್ ಮಾಡಿ ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು.

ಇದು ಅಮೆರಿಕದ ಕತೆ ಮಾತ್ರ ಅಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ವಿದ್ಯಾರ್ಥಿಗಳ ಕೈಗೆ ಎಟುಕಿದ್ದು ಬರೇ ಅಕ್ಷರಗಳ ಶೆಲ್ ಅಕೌಂಟ್. ಫೈಲು ಮೊದಲು ಅವರ ಸರ್ವರಿಗೆ. ಅಲ್ಲಿಂದ ಮನೆಯ ಕಂಪ್ಯೂಟರಿಗೆ ಝಡ್‌ಮೋಡೆಮ್‌ನಂಥದ್ದರಲ್ಲಿ. 9600 ಬಿಪಿಎಸ್ ಲೈನಿನಲ್ಲಿ 1 ಎಂಬಿಗೆ ಕಡಿಮೆ ಎಂದರೂ 18 ನಿಮಿಷ. ನಡುವೆ ಮನೆಯಲ್ಲಿ ಯಾರೋ ಇನ್ನೊಂದು ಫೋನ್ ಎತ್ತಿದರೆ ಮುಗಿಯಿತು. ಬಿಲ್ಲು ಮಾತ್ರ ಓಡುತ್ತಿತ್ತು. ಹಾಗಿರುವಾಗ ನಿಂತಲ್ಲಿಂದ ಮುಂದುವರಿಸುವುದೆಂದರೆ ಮನೆಯವರ ದುಡ್ಡು ಉಳಿಸುವುದು.

"ಈಗ ಟಿಸಿಪಿ ಎಲ್ಲ ನೋಡಿಕೊಳ್ಳುತ್ತದಲ್ಲ?" ಎಂದು ಕ್ಲಾಸಿನಲ್ಲಿ ಕೇಳುವವರಿದ್ದಾರೆ. ನೋಡಿಕೊಳ್ಳುತ್ತದೆ, ಆದರೆ ಕನೆಕ್ಷನ್ ಬದುಕಿರುವವರೆಗೆ ಮಾತ್ರ. ಅದು ಸತ್ತ ಮೇಲೆ ಎಷ್ಟು ಹೋಗಿತ್ತು ಎಂದು ನೆನಪಿಡಬೇಕಾದದ್ದು ಅಪ್ಲಿಕೇಶನ್, ಅಂದರೆ ಅದನ್ನು ಬರೆಯುವ ನಾವು. ಡೌನ್‌ಲೋಡಿಗೆ ಎಚ್‌ಟಿಟಿಪಿಯಲ್ಲಿ 'ರೇಂಜ್' ಹೆಡರ್ ಉಂಟು, ಸರ್ವರ್ ಒಪ್ಪಬೇಕಷ್ಟೆ. ಅಪ್‌ಲೋಡಿಗೆ ನಾವೇ ತುಂಡು ಮಾಡಿ, ನಂಬರ್ ಹಾಕಿ, ಲೆಕ್ಕ ಇಡಬೇಕು.

ಬೇರೆಯವರನ್ನು ಬೈದು ನಾವು ಒಳ್ಳೆಯವರಾಗುವುದು ಬೇಡ. ಬಂಟ್ವಾಳದವನ ಮಿನಿ ಪ್ರಾಜೆಕ್ಟ್ ಅಡಿಕೆ ತೋಟದ ಮಣ್ಣಿನ ತೇವಾಂಶ ಅಳೆದು ಕಳಿಸುವುದು. ಲ್ಯಾಬಿನಲ್ಲಿ ಚಂದ ಓಡಿತು, ಮಾರ್ಕೂ ಬಂತು. ತೋಟದಲ್ಲಿಟ್ಟರೆ ಅರ್ಧದಷ್ಟು ರೀಡಿಂಗ್ ನಾಪತ್ತೆ. ಸಿಗ್ನಲ್ ಇಲ್ಲದಾಗ ಬಂದ ರೀಡಿಂಗನ್ನು ಇಟ್ಟುಕೊಂಡು ಆಮೇಲೆ ಕಳಿಸುವ ನಾಲ್ಕು ಸಾಲು ಕೋಡ್ ಮೂವರಿಗೂ ಹೊಳೆದಿರಲಿಲ್ಲ.

ಹಾಗಾಗಿ ನಾವು ಕೇಳುವುದು ಎರಡೇ. ಒಂದು, ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಸಿಮ್ಯುಲೇಟರ್ ಜೊತೆಗೆ ಒಂದು ದಿನ ಎರಡು ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಹಾಕಿ ಎಕ್ಸ್‌ಮೋಡೆಮನ್ನು ನಾವೇ ಬರೆಯೋಣ. ಅದು ಮ್ಯೂಸಿಯಂ ಸರಕಲ್ಲ. ಎಂಬೆಡೆಡ್ ಬೋರ್ಡ್‌ಗಳ ಯು-ಬೂಟ್‌ನಲ್ಲಿ ಎಕ್ಸ್‌ಮೋಡೆಮ್, ವೈಮೋಡೆಮ್, ಕರ್ಮಿಟ್ ಮೂರೂ ಇಂದಿಗೂ ಉಂಟು. ಎರಡು, ಪ್ರಾಜೆಕ್ಟ್ ಡೆಮೋ ನಡೆಯುವಾಗ ಯಾರಾದರೊಬ್ಬರು ಹೇಳದೆ ಕೇಳದೆ ವೈಫೈ ಆಫ್ ಮಾಡಲಿ, ಐದು ನಿಮಿಷ ಬಿಟ್ಟು ಆನ್ ಮಾಡಲಿ. ನಿಂತಲ್ಲಿಂದ ಮುಂದೆ ಹೋದರೆ ಪಾಸ್.

ಮುಂದಿನ ಸೆಮಿಸ್ಟರಿನಲ್ಲಿ ನಮ್ಮ ಪ್ರಾಜೆಕ್ಟಿಗೇ ಮೊದಲು ಆಫ್ ಮಾಡಿ. ಫೇಲಾದರೆ ನಗಿ, ಪರವಾಗಿಲ್ಲ. ಲ್ಯಾಬಿನಲ್ಲಿ ಫೇಲಾದರೆ ಸರಿಮಾಡಲಿಕ್ಕೆ ಸಮಯ ಉಂಟು. ಅರ್ಜಿಯ ಕೊನೆಯ ದಿನ ಘಟ್ಟದ ಬುಡದಲ್ಲಿ ಫೇಲಾದರೆ ಎಲ್ಲರಿಗೂ ಬೆಳಗ್ಗಿನ ಬಸ್ಸು ಸಿಗುವುದಿಲ್ಲ.