ಶೂನ್ಯ ಫಲಿತಾಂಶ ಯಾರ ತಪ್ಪು?

ಚೋರನೂರಿನಲ್ಲಿ ಬೋಧನಾಭ್ಯಾಸದ ಮೂರನೇ ವಾರ ನಾನೊಂದು ತಪ್ಪು ಷರಾ ಬರೆದೆ. ಹತ್ತನೇ ತರಗತಿ, ‘ಲೋಹಗಳು ಮತ್ತು ಅಲೋಹಗಳು’ ಪಾಠ. ಸಂಡೂರು ತಾಲ್ಲೂಕಿನ ಮಕ್ಕಳಿಗೆ ಅದಿರು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ, ಲಾರಿ ಓಡಾಡುವ ರಸ್ತೆಯ ಕೆಂಪು ಧೂಳಿನಲ್ಲೇ ಅದಿದೆ. ಹಾಗಾಗಿ ಪಾಠದ ಟಿಪ್ಪಣಿಗಳಿಗೆಂದು ನಾವು ಪ್ರಶಿಕ್ಷಣಾರ್ಥಿಗಳೇ ಕಂಪ್ಯೂಟರ್ ಕೊಠಡಿಯಲ್ಲಿ ಹಾಕಿಕೊಟ್ಟಿದ್ದ ವಿಕಿಯಲ್ಲಿ ‘ಕಬ್ಬಿಣದ ಅದಿರು’ ಎಂದು ಹುಡುಕಿ, ಹೆಮಟೈಟ್ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದೆ. ಒಬ್ಬ ವಿದ್ಯಾರ್ಥಿನಿ ಖಾಲಿ ಹಾಳೆ ಕೊಟ್ಟಳು. ‘ಕಾಗುಣಿತ ಗಮನಿಸು, ಹುಡುಕುವ ಕೌಶಲ ಸಾಲದು’ ಎಂದು ಬರೆದೆ.

“ಕನ್ನಡದಾಗ ಹುಡುಕಿದ್ರೆ ಏನೂ ಬರಲ್ಲ ಸಾರ್. ಇಂಗ್ಲಿಷಿನಾಗ ಐರನ್ ಅಂತ ಹಾಕಿದ್ರೆ ಬರ್ತದೆ” ಅಂದಳು.

ಸಂಜೆ ನಾನೇ ಕೂತು ಹುಡುಕಿದೆ. ನನಗೂ ಶೂನ್ಯ. ಅವಳ ಕಾಗುಣಿತ ಸರಿಯಾಗಿಯೇ ಇತ್ತು.

ತಪ್ಪಿದ್ದದ್ದು ಹುಡುಕಾಟದ ಪ್ಲಗಿನ್‌ನಲ್ಲಿ. ಅದನ್ನು ಬರೆದವರು ನಾನು ಮತ್ತು ನನ್ನ ಸಹಪಾಠಿ. ಹುಡುಕುವವರು ಕೊಟ್ಟ ಸಾಲನ್ನು ಪದಗಳಾಗಿ ಒಡೆಯಲು ‘ಅಕ್ಷರ ಅಥವಾ ಅಂಕಿ ಅಲ್ಲದ್ದು ಬಂದಲ್ಲೆಲ್ಲ ಕತ್ತರಿಸು’ ಎಂಬ ನಿಯಮ ಹಾಕಿದ್ದೆವು. ಯೂನಿಕೋಡ್‌ನಲ್ಲಿ ಕ, ಬ, ಣ ಅಕ್ಷರಗಳ ವರ್ಗಕ್ಕೆ ಸೇರುತ್ತವೆ. ಗುಣಿತದ ಚಿಹ್ನೆ ಮತ್ತು ಅರ್ಧಾಕ್ಷರದ ಚಿಹ್ನೆ ಬೇರೆಯೇ ವರ್ಗ, ‘ಗುರುತು’. ಹೀಗಾಗಿ ‘ಕಬ್ಬಿಣದ’ ಎಂಬುದು ಕಬ, ಬ, ಣದ ಎಂದು ಮೂರು ಚೂರಾಗಿ, ‘ಅದಿರು’ ಎಂಬುದು ಅದ, ರ ಆಗಿ ಹೋಗುತ್ತಿತ್ತು. ಅಂಥ ಪದಗಳು ಯಾವ ಪುಟದಲ್ಲಿರುತ್ತವೆ? ಇಂಗ್ಲಿಷಿನ ಐರನ್‌ಗೆ ಈ ಗುರುತುಗಳ ಗೊಡವೆಯೇ ಇಲ್ಲ. ನಾವು ಪರೀಕ್ಷಿಸಿದ್ದೂ ಇಂಗ್ಲಿಷ್ ಪದಗಳಿಂದ ಮಾತ್ರ. ಕನ್ನಡ ಮಾಧ್ಯಮದ ಶಾಲೆಗೆ ಮಾಡಿದ ವಿಕಿ ಅದು!

ಗುರುತುಗಳನ್ನೂ ಪದದೊಳಗೆ ಸೇರಿಸಿದ್ದು ಒಂದೇ ಸಾಲಿನ ತಿದ್ದುಪಡಿ. ಆಮೇಲೆ ‘ಆಕ್ಸೈಡ್‌ಗಳು’ ಸಿಗಲಿಲ್ಲ. ‘ಡ್’ ಮತ್ತು ‘ಗ’ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಒಬ್ಬರು ಅದನ್ನು ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಹೋಲಿಸುವಾಗ ಎರಡೂ ಕಡೆ ಅದನ್ನು ತೆಗೆದುಹಾಕಿದೆವು.

ಶಾರ್ಟ್‌ಕಟ್ ಕೀಲಿಯದು ಇನ್ನೊಂದು ಕಥೆ. ಎಫ್ ಒತ್ತಿದರೆ ಹುಡುಕಾಟದ ಪೆಟ್ಟಿಗೆಗೆ ಹೋಗಬೇಕೆಂದು ಮಾಡಿದ್ದೆವು. ನುಡಿ ವಿನ್ಯಾಸದಲ್ಲಿ ಅರ್ಧಾಕ್ಷರಕ್ಕೆ ಒತ್ತುವ ಕೀಲಿಯೇ ಎಫ್. ನಮ್ಮ ಪ್ಲಗಿನ್ ಮೂಡಿದ ಅಕ್ಷರವನ್ನಲ್ಲ, ಕೀಲಿಯ ಜಾಗವನ್ನು ನೋಡುತ್ತಿತ್ತು. ಟಿಪ್ಪಣಿ ಬರೆಯುವಾಗ ಪ್ರತಿ ಒತ್ತಕ್ಷರಕ್ಕೂ ಕರ್ಸರ್ ಹಾರಿ ಮೇಲಿನ ಪೆಟ್ಟಿಗೆಗೆ! ‘ಟೈಪಿಂಗ್ ನಿಧಾನ’ ಎಂದು ನಾನು ಗುರುತು ಹಾಕಿಕೊಂಡಿದ್ದ ಮಕ್ಕಳೆಲ್ಲ ಪಾಪ, ಮೌಸ್ ಹಿಡಿದು ಮತ್ತೆ ಮತ್ತೆ ಕೆಳಗೆ ಬರುತ್ತಿದ್ದವರು. ಬರೆಯುವ ಜಾಗದಲ್ಲಿರುವಾಗ ಶಾರ್ಟ್‌ಕಟ್ ಕೆಲಸ ಮಾಡದಂತೆ ಈಗ ತಡೆದಿದ್ದೇವೆ.

ಕೋಡ್ ತಿದ್ದುವುದು ಶಿಕ್ಷಕರ ಕೆಲಸವೇ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಎಲ್ಲರೂ ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಪ್ರಯೋಗದ ಪಾಠಕ್ಕೆ ಮೊದಲು ಆಮ್ಲವನ್ನು ನಾವೇ ಒಮ್ಮೆ ಲಿಟ್ಮಸ್‌ಗೆ ಹಾಕಿ ನೋಡುತ್ತೇವಲ್ಲ, ಹಾಗೆ ಮಕ್ಕಳು ಹುಡುಕಲಿರುವ ಪದಗಳನ್ನು ಮಕ್ಕಳ ಕೀಲಿಮಣೆಯಲ್ಲೇ ನಾವು ಮೊದಲು ಹುಡುಕಿ ನೋಡಬೇಕು. ಪಾಠಯೋಜನೆಯ ಬೋಧನೋಪಕರಣದ ಕಾಲಂನಲ್ಲಿ ‘ಕಂಪ್ಯೂಟರ್’ ಎಂದು ಬರೆದು ಮುಗಿಸುತ್ತೇವೆ. ಪಾಠ ವೀಕ್ಷಿಸುವ ಉಪನ್ಯಾಸಕರು ಕಪ್ಪುಹಲಗೆಯ ಬರವಣಿಗೆ ನೋಡುತ್ತಾರೆ, ಧ್ವನಿ ಕೇಳುತ್ತಾರೆ. ಉಪಕರಣ ಕನ್ನಡಕ್ಕೆ ಸ್ಪಂದಿಸುತ್ತದೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಆ ಹುಡುಗಿ ಅಂದು ಕಲಿತದ್ದು ಹೆಮಟೈಟ್ ಅಲ್ಲ, ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ ಎಂಬುದನ್ನು.

ಹುಡುಕುವ ಕೌಶಲವನ್ನು ಕಲಿಸಲೇಬೇಕು, ನಿಜ. ಅದಕ್ಕೂ ಕನ್ನಡದ್ದೇ ದಾರಿಯಿದೆ. ಪದದ ಆರಂಭ ಹೊಂದಿದರೆ ಸಾಕು ಎಂದು ಪ್ಲಗಿನ್ ಬದಲಿಸಿದ ಮೇಲೆ ‘ಅದಿರ’ ಎಂದಷ್ಟೇ ಹಾಕಿದರೆ ಅದಿರು, ಅದಿರಿನ, ಅದಿರಿಗೆ ಮೂರೂ ಬರುತ್ತವೆ. ಕನ್ನಡ ಪಿರಿಯಡ್ಡಿನ ವಿಭಕ್ತಿ ಪ್ರತ್ಯಯ ವಿಜ್ಞಾನದ ಪಿರಿಯಡ್ಡಿಗೆ ಬಂತು.

ಮರುದಿನ ಎಲ್ಲರೆದುರು ನನ್ನ ಷರಾ ಹೊಡೆದುಹಾಕಿ, ತಪ್ಪು ನನ್ನದೆಂದು ಹೇಳಿದೆ. ಅವಳು ಏನೂ ಅನ್ನದೆ ಕಂಪ್ಯೂಟರಿನ ಮುಂದೆ ಕೂತು ಐದು ವಾಕ್ಯ ಬರೆದಳು. ಪಿರಿಯಡ್ ಮುಗಿಯುವ ಹೊತ್ತಿಗೆ ಕೈ ಎತ್ತಿದಳು: “ಸಾರ್, ೧೦ ಅಂತ ಕನ್ನಡ ಅಂಕಿ ಹಾಕಿದ್ರೆ 10 ಇರೋ ಪುಟ ಬರವಲ್ದು.” ಅದನ್ನಿನ್ನೂ ಸರಿಪಡಿಸಿಲ್ಲ.