ಬೇರೆ ಒಲೆ ಹೂಡಿದ ವಂಶ

ಅಂತರಜಾಲದ ಪುಟವೆಂಬುದು ಮೂಲತಃ ಸಂಕೇತಗಳ ಕಂತೆ. ಅದನ್ನು ಅಕ್ಷರವಾಗಿ, ಚಿತ್ರವಾಗಿ ಜೋಡಿಸಿ ತೋರುವ ತಂತ್ರಾಂಶ ಪ್ರತಿಯೊಂದು ಬ್ರೌಸರಿನ ಒಡಲಿನಲ್ಲಿಯೂ ಅಡಗಿರುತ್ತದೆ. 1998ರ ಸುಮಾರಿಗೆ ಕೆಡಿಇ ಬಳಗದ ಸ್ವಯಂಸೇವಕರು ಕೆಎಚ್‌ಟಿಎಂಎಲ್ ಎಂಬುದನ್ನು ರಚಿಸಿ, ಮೂಲಸಂಕೇತವನ್ನು ಸಕಲರಿಗೂ ತೆರೆದಿಟ್ಟರು. ಆಪಲ್ ಸಂಸ್ಥೆ ಅದನ್ನೆತ್ತಿಕೊಂಡು 2003ರಲ್ಲಿ ಸಫಾರಿಯನ್ನು ಹೊರತಂದಿತು. ತನ್ನ ತಿದ್ದುಪಡಿಗಳನ್ನೂ ಪ್ರಕಟಿಸಿತು—ಪರವಾನಗಿಯ ಷರತ್ತೇ ಹಾಗಿತ್ತು. ಆದರೆ ಅವು ಹೊರೆಹೊರೆಯಾಗಿ ಬಂದುದರಿಂದ ಸಿಕ್ಕು ಬಿಡಿಸುವುದು ಮೂಲಕರ್ತರಿಗೆ ದುಸ್ತರವಾಯಿತು. ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು! ದೂರು ಬಲವಾದ ಬಳಿಕ, 2005ರಲ್ಲಿ, ವೆಬ್‌ಕಿಟ್ ಎಂಬ ಆ ಶಾಖೆಯ ಬಾಗಿಲು ಎಲ್ಲರಿಗೂ ತೆರೆಯಿತು. 2008ರಲ್ಲಿ ಅದನ್ನು ಕ್ರೋಮಿಗೆ ಅಳವಡಿಸಿದ ಗೂಗಲ್, 2013ರಲ್ಲಿ ಬ್ಲಿಂಕ್ ಎಂದು ಬೇರೆ ಒಲೆ ಹೂಡಿತು. 2020ರಿಂದ ಮೈಕ್ರೋಸಾಫ್ಟಿನ ಎಡ್ಜ್‌ಗೂ ಆ ಒಲೆಯದೇ ಊಟ. ಪ್ರಮುಖರ ಪೈಕಿ ಫೈರ್‌ಫಾಕ್ಸಿನ ಗೆಕ್ಕೊ ಮಾತ್ರ ಅನ್ಯಗೋತ್ರದ್ದು. ಇತ್ತ ಮೂಲಪುರುಷನಿಗೆ ಕೆಡಿಇಯ 2024ರ ಆರನೆಯ ಆವೃತ್ತಿಯಲ್ಲಿ ಸ್ಥಾನವೇ ದೊರೆಯಲಿಲ್ಲ.